ಲಿಯಾಕತ್ ಸಾಹೇಬರ ಕೈತೂಕ

ಒಂದು ಕಾಲಕ್ಕೆ ಶಿರಾದಲ್ಲಿ ಮಿಕ್ಸಿ ಕೊಳ್ಳುವವರು ಎರಡು ಅಂಗಡಿಗಳ ಮೆಟ್ಟಿಲು ಹತ್ತಬೇಕಾಗಿತ್ತು. ಮೊದಲನೆಯದು ಮಿಕ್ಸಿ ಮಾರುವವನದು. ಎರಡನೆಯದು ಹಳೇ ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಲಿಯಾಕತ್ ಅಲಿಯವರ ರಿಪೇರಿ ಅಂಗಡಿ. ಹೆಣ್ಣಿನ ಕಡೆಯವರು ಮದುವೆಗೆಂದು ಕೊಂಡ ಮಿಕ್ಸಿಯನ್ನು ಡಬ್ಬದ ಸಮೇತ ತಂದು ಅವರ ಮುಂದಿಡುತ್ತಿದ್ದರು. ಅವರು ಅದನ್ನು ಬಲಗೈಯಲ್ಲಿ ಎತ್ತಿ, ಎರಡು ಸಲ ಮೇಲೆ ಕೆಳಗೆ ಆಡಿಸಿ, ಇಟ್ಟುಕೊಳ್ಳಿ ಎಂದೋ ವಾಪಸು ಕೊಡಿ ಎಂದೋ ಹೇಳಿ ಮುಗಿಸುತ್ತಿದ್ದರು. ಇದಕ್ಕೆ ಅವರು ಯಾರಿಂದಲೂ ಏನನ್ನೂ ತೆಗೆದುಕೊಂಡವರಲ್ಲ. ಕಾರಣ ಕೇಳಿದವರಿಗೆ ಉತ್ತರ ಕೊಟ್ಟವರೂ ಅಲ್ಲ.

ಕಾರಣವೇನೋ ಇತ್ತು. ಇಪ್ಪತ್ತೆರಡರ ವಯಸ್ಸಿನಲ್ಲಿ ರೇಡಿಯೊ ರಿಪೇರಿ ಬಿಟ್ಟು ಸ್ಟೆಬಿಲೈಜರ್ ಸುತ್ತುವ ಕಸುಬು ಹಿಡಿದವರು ಅವರು. ಹಳ್ಳಿಯಲ್ಲಿ ಪಂಪ್‌ಸೆಟ್ಟುಗಳು ಚಾಲೂ ಆದೊಡನೆ ಮನೆಯ ದೀಪ ಕೆಂಡದ ಬಣ್ಣಕ್ಕೆ ಇಳಿಯುತ್ತಿದ್ದ ಆ ದಿನಗಳಲ್ಲಿ ಟಿವಿ ಇದ್ದ ಮನೆಗೆಲ್ಲ ಸ್ಟೆಬಿಲೈಜರ್ ಬೇಕಿತ್ತು. ನಿಯತ್ತಿನವರು ಅದಕ್ಕೆ ತಾಮ್ರದ ತಂತಿ ಸುತ್ತುತ್ತಿದ್ದರು. ಕಳ್ಳರು ಅಲ್ಯೂಮಿನಿಯಂ ಸುತ್ತಿ ಮೇಲೆ ಕೆಂಪು ವಾರ್ನಿಷ್ ಬಳಿಯುತ್ತಿದ್ದರು. ಕಣ್ಣಿಗೆ ಎರಡೂ ಒಂದೇ. ಎತ್ತಿ ನೋಡಿದ ಕೈಗೆ ಮಾತ್ರ ತಾಮ್ರ ಭಾರ, ಅಲ್ಯೂಮಿನಿಯಂ ಹಗುರ. ಹಗುರವಾದದ್ದು ಒಂದು ಬೇಸಿಗೆಯಲ್ಲಿ ಸುಟ್ಟುಹೋಗುತ್ತಿತ್ತು. ಲಿಯಾಕತ್ ಅಲಿಯವರು ಸುತ್ತಿದ್ದು ಪಾವಗಡದ ಬಿಸಿಲನ್ನೂ ತಡೆಯುತ್ತಿತ್ತು.

ಇಷ್ಟಕ್ಕೆ ನಿಂತಿದ್ದರೆ ಅದು ಬರೀ ಕಸುಬಿನ ತಿಳಿವಳಿಕೆಯಾಗಿ ಉಳಿಯುತ್ತಿತ್ತು. ಲಿಯಾಕತ್ ಅಲಿಯವರು ಅದನ್ನು ಲೋಕಕ್ಕೆಲ್ಲ ಅನ್ವಯಿಸಿದರು. ಬೀಗ, ಕುಕ್ಕರ್, ಸೀಲಿಂಗ್ ಫ್ಯಾನು ಎಲ್ಲಕ್ಕೂ ಅದೇ ಪರೀಕ್ಷೆ. ಮಗಳು ನಾಹಿದಾಳನ್ನು ನೋಡಲು ಬಂದಿದ್ದ ಹುಡುಗನೊಬ್ಬನ ಕೈಗಡಿಯಾರವನ್ನು ಕೇಳಿ ಬಿಚ್ಚಿಸಿಕೊಂಡು, ಅಂಗೈಯಲ್ಲಿ ತೂಗಿ, ಹಿಂತಿರುಗಿಸಿ, ಅಂದು ಸಂಜೆಯೇ ಆ ಸಂಬಂಧ ಬೇಡವೆಂದು ಹೇಳಿಕಳಿಸಿದ್ದರು. ಹೆಂಡತಿ ಅಖ್ತರ್ ಬೇಗಂ ಅದನ್ನು ಇಂದಿಗೂ ಕ್ಷಮಿಸಿಲ್ಲ. ನಾಹಿದಾಳಿಗೆ ಮಾತ್ರ ಆ ಒಂದು ತೀರ್ಪಿನ ಮೇಲೆ ತಕರಾರಿರಲಿಲ್ಲ.

ಈಗ ಅವರಿಗೆ ಅರವತ್ತೆರಡು. ಸ್ಟೆಬಿಲೈಜರ್ ಕೇಳುವವರಿಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದ ನಾಹಿದಾ ಎಂಟು ವರ್ಷದ ಹಿಂದೆ ಅದೇ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸಿ ಕೊಡಲು ಆರಂಭಿಸಿದ್ದರಿಂದ ಬಾಗಿಲು ತೆರೆದಿದೆ. ಮಿಕ್ಸಿಗಳು ಆನ್‌ಲೈನಿನಲ್ಲಿ ಬಂದು ನೇರವಾಗಿ ಅಡುಗೆಮನೆ ಸೇರುತ್ತವೆ. ಸಾಹೇಬರ ಕೈಗೆ ಯಾರೂ ತಂದು ಕೊಡುವುದಿಲ್ಲ. ಅವರ ಬಳಿ ಉಳಿದಿದ್ದು ಒಂದೇ: ‘ಶಿರಾ ಸಾಹೇಬರ ಕೈ ಸುಳ್ಳು ಹೇಳಲ್ಲ’ ಎಂದು ಮಧುಗಿರಿಯಿಂದ ಪಾವಗಡದವರೆಗೆ ಹಳಬರು ಆಡುವ ಮಾತು. ಅದೂ ಹೋದರೆ ತಾನು ಮಗಳ ಅಂಗಡಿಯ ಮೂಲೆಯಲ್ಲಿ ಕುಳಿತು ಚಹಾ ಕುಡಿಯುವ ಮುದುಕ ಮಾತ್ರ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಂಗಡಿಗೆ ಬರುವ ಪ್ರತಿಯೊಬ್ಬ ಗಿರಾಕಿಯನ್ನೂ ಅವರು ಆ ಮೂಲೆಯಿಂದಲೇ ತಿರಸ್ಕರಿಸುತ್ತಿದ್ದರು.

ತಿರಸ್ಕಾರಕ್ಕೆ ಸರಕು ಕಡಿಮೆಯಿರಲಿಲ್ಲ. ಗೇಮ್ ಆಡುವ ಕಂಪ್ಯೂಟರ್ ಬೇಕೆಂದು ಬರುವವರೆಲ್ಲ ಮೊಬೈಲಿನಲ್ಲಿ ಬಿಡಿಭಾಗಗಳ ಒಂದು ಪಟ್ಟಿ ಹಿಡಿದು ಬರುತ್ತಿದ್ದರು. ಅದನ್ನು ತಯಾರಿಸಿದವನು ಯಾವುದೋ ಊರಿನ ತಣ್ಣಗಿನ ಕೋಣೆಯಲ್ಲಿ ಕುಳಿತು ವೀಡಿಯೊ ಮಾಡುವವನು. ಬರಗೂರಿನಲ್ಲಿ ಧೂಳು ಎಷ್ಟು, ಕರೆಂಟು ಎಂಥದು ಎಂಬುದು ಅವನಿಗೆ ಗೊತ್ತಿಲ್ಲ. ಪಟ್ಟಿ ತಂದವರಿಗೆ ಗೊತ್ತಿದ್ದರೂ ಹೇಳುವ ಧೈರ್ಯವಿಲ್ಲ.

ಕಳೆದ ಚಳಿಗಾಲದಲ್ಲಿ ಬರಗೂರಿನಿಂದ ಬಂದ ಯುವರಾಜ್ ಕೂಡ ಅಂಥದೇ ಪಟ್ಟಿ ತಂದಿದ್ದ. ಪ್ರಾಥಮಿಕ ಶಾಲೆಯ ಶಿಕ್ಷಕ, ಇಪ್ಪತ್ತೊಂಬತ್ತರ ಪ್ರಾಯ, ಮಾತು ಮೆತ್ತಗೆ. ತೀರಾ ಅಗ್ಗದ್ದೂ ಬೇಡ, ಜಂಬದ್ದೂ ಬೇಡ, ನಡುವಿನದೊಂದು ಸಾಕು ಎಂದು ಕೇಳಿದ. ಈ ವಿನಯಕ್ಕೂ ಅವನ ಪಟ್ಟಿಗೂ ಸಂಬಂಧವಿರಲಿಲ್ಲ. ಲಿಯಾಕತ್ ಅಲಿಯವರು ಕನ್ನಡಕ ಏರಿಸಿ ಅದನ್ನು ಓದಿದರು. ಫ್ಯಾನಿಗೆ ಬಣ್ಣದ ದೀಪ, ರ್‍ಯಾಮಿಗೆ ಬಣ್ಣದ ದೀಪ, ಕೀಬೋರ್ಡಿಗೂ ಬಣ್ಣದ ದೀಪ.

“ಮೇಷ್ಟ್ರೆ, ಇದು ಕಂಪ್ಯೂಟರೋ, ಮದುವೆ ಮನೆ ಸೀರಿಯಲ್ ಸೆಟ್ಟೋ?”

“ಲೈಟು ಬೇಡ ಅಂದ್ರೆ ಆಫ್ ಮಾಡ್ಕಬೋದು ಸಾಹೇಬ್ರೆ.”

“ಆಫ್ ಮಾಡೋಕೆ ದುಡ್ಡು ಕೊಟ್ಟು ತಗೋತೀರಾ?”

ಯುವರಾಜ್ ದೀಪಗಳನ್ನು ಬಿಟ್ಟುಕೊಟ್ಟ. ಅನಂತರ ಕ್ಯಾಬಿನೆಟ್ಟಿನ ಸರದಿ. ಮುಂದೆ ಗಾಜು, ಪಕ್ಕದಲ್ಲಿ ಗಾಜು. ಗಾಳಿ ಎಲ್ಲಿಂದ ಒಳಗೆ ಹೋಗಬೇಕೆಂದು ಸಾಹೇಬರು ಕೇಳಿದರು. ಮುಂಭಾಗದಲ್ಲಿ ಜಾಲರಿ ಇರುವ ಬೇರೊಂದನ್ನು ನಾಹಿದಾ ತೋರಿಸಿದಳು, ಅದೇ ನಿಶ್ಚಯವಾಯಿತು. ಮದರ್‌ಬೋರ್ಡಿನಲ್ಲಿ ಅವನೆಂದೂ ಬಳಸದ ನಾಲ್ಕು ಸೌಲಭ್ಯಗಳಿದ್ದವು. ಅದನ್ನು ಬಿಡಿಸಿ ಸಾಧಾರಣದ್ದಕ್ಕೆ ಇಳಿಸಿದಳು. ಒಂದೇ ದೊಡ್ಡ ರ್‍ಯಾಮ್ ಕಡ್ಡಿಯ ಬದಲು ಎರಡು ಸಣ್ಣವನ್ನು ಜೋಡಿಯಾಗಿ ಹಾಕಿದರೆ ಗೇಮ್ ಸರಾಗ ಓಡುತ್ತದೆಂದು ಹೇಳಿದಳು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡನ್ನು ಮುಟ್ಟಲಿಲ್ಲ. ಅವೆರಡು ಒಂದಕ್ಕೊಂದು ಸರಿಹೊಂದುತ್ತಿದ್ದವು. ಅಲ್ಲಿಯವರೆಗೂ ತಂದೆ ಬೈದದ್ದು, ಮಗಳು ಬದಲಿಸಿದ್ದು ಎಲ್ಲವೂ ಸರಿಯಾಗಿಯೇ ಇತ್ತು.

ಕೊನೆಗೆ ಉಳಿದದ್ದು ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ತೆಗೆದುಕೊಂಡು ಕಂಪ್ಯೂಟರಿನ ಅಂಗಾಂಗಗಳಿಗೆ ಹಂಚುವ ಕಬ್ಬಿಣದ ಡಬ್ಬ. ಪಟ್ಟಿಯಲ್ಲಿದ್ದದ್ದು ಹೆಸರಾಂತ ಕಂಪನಿಯದು, ಅಂಗಡಿಯಲ್ಲೇ ಒಂದಿತ್ತು. ಲಿಯಾಕತ್ ಅಲಿಯವರು ಅದನ್ನು ಎತ್ತಿ, ಎರಡು ಸಲ ಆಡಿಸಿ, ಮುಖ ಹಿಂಡಿದರು. ಒಳಗೆ ಹೋಗಿ ಮತ್ತೊಂದನ್ನು ತಂದರು. ಡಬ್ಬದ ಮೇಲೆ ‘ಗಜಬಲ’ ಎಂಬ ಹೆಸರು, ಸೊಂಡಿಲೆತ್ತಿದ ಆನೆ, ಆರುನೂರ ಐವತ್ತು ವ್ಯಾಟ್ ಎಂಬ ದಪ್ಪಕ್ಷರ. ಎರಡು ತಿಂಗಳ ಹಿಂದೆ ಬೈಕಿನಲ್ಲಿ ಬಂದಿದ್ದ ಏಜೆಂಟನೊಬ್ಬ ನಾಹಿದಾ ಊಟಕ್ಕೆ ಹೋಗಿದ್ದ ಸಮಯ ನೋಡಿ, ಏನನ್ನೂ ವಿವರಿಸದೆ ಅದನ್ನು ಸಾಹೇಬರ ಅಂಗೈಯ ಮೇಲಿಟ್ಟಿದ್ದ. ಅಷ್ಟರಲ್ಲೇ ವ್ಯಾಪಾರ ಕುದುರಿತ್ತು. ಆರು ಡಬ್ಬಗಳನ್ನು ಇಳಿಸಿಹೋಗಿದ್ದ.

ನಾಹಿದಾ ಬೇಡವೆಂದಳು. ಇದು ಸ್ಟೆಬಿಲೈಜರ್ ಅಲ್ಲ, ಇದರೊಳಗೆ ತಾಮ್ರದ ಗಡ್ಡೆ ಇರುವುದಿಲ್ಲ, ಭಾರಕ್ಕೂ ವ್ಯಾಟಿಗೂ ನಂಟಿಲ್ಲ ಎಂದಳು.

“ನಲವತ್ತು ವರ್ಷ ಈ ಕೈ ಹೇಳಿದ್ದು ಸುಳ್ಳಾಗಿಲ್ಲ ಬೇಟಾ,” ಎಂದರು ತಂದೆ. “ಡಬ್ಬದ ಮೇಲೆ ಬರ್ದಿರೋದನ್ನ ಓದೋಕಾ ನಿನ್ನ ಡಿಪ್ಲೊಮಾ ಓದ್ಸಿದ್ದು ನಾನು?”

“ಅಬ್ಬಾ, ನೀವು ಡಬ್ಬದ ಮೇಲಿರೋ ಆನೆ ನೋಡಿ ತಗೊಂಡಿದೀರಿ.”

ಸಾಹೇಬರು ಯುವರಾಜನ ಎಡಗೈಗೆ ಕಂಪನಿಯದನ್ನು, ಬಲಗೈಗೆ ಗಜಬಲವನ್ನು ಕೊಟ್ಟು, ನೀವೇ ಹೇಳಿ ಮೇಷ್ಟ್ರೆ ಎಂದರು. ಮಕ್ಕಳಿಗೆ ವಿಜ್ಞಾನ ಪಾಠ ಮಾಡುವ ಮೇಷ್ಟ್ರು ಎರಡನ್ನೂ ತೂಗಿ ನೋಡಿ, ಬಲಗೈಯದೇ ಗಟ್ಟಿ ಎಂದ. ಉಳಿದ ಹಣಕ್ಕೆ ಸಾಹೇಬರೇ ಸುತ್ತಿದ ಒಂದು ಸ್ಟೆಬಿಲೈಜರನ್ನೂ ಹೊತ್ತುಕೊಂಡು ಹೋದ. ಏನಾದರೂ ಆದರೆ ತನ್ನ ಕೈಯನ್ನೇ ಕೇಳಲಿ ಎಂದು ಸಾಹೇಬರು ಓಣಿಗೆಲ್ಲ ಕೇಳುವಂತೆ ಹೇಳಿದರು.

ಹತ್ತೇ ದಿನಕ್ಕೆ ಯುವರಾಜ್ ಫೋನ್ ಮಾಡಿದ. ಪಾಠ ತಯಾರಿಸುವಾಗ, ಸಿನಿಮಾ ನೋಡುವಾಗ ತೊಂದರೆಯಿಲ್ಲ. ಗೇಮಿನಲ್ಲಿ ಗುಂಡು ಹಾರುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಆರಿಹೋಗುತ್ತದೆ. ಲಿಯಾಕತ್ ಅಲಿಯವರು ಮೊದಲು ಕರೆಂಟನ್ನು ಬೈದರು. ಎರಡನೆಯ ಸಲ ಫೋನ್ ಬಂದಾಗ ಇಲಿಗಳನ್ನು ಬೈದರು. ಮೂರನೆಯ ಸಲ, ಮಕ್ಕಳಿಗೆ ಬುದ್ಧಿ ಹೇಳಬೇಕಾದ ಮೇಷ್ಟ್ರು ಗುಂಡು ಹಾರಿಸುತ್ತ ಕೂತರೆ ಯಂತ್ರಕ್ಕೂ ನಾಚಿಕೆಯಾಗುತ್ತದೆ ಎಂದರು. ನಾಲ್ಕನೆಯ ಸಲ ಮೀಟರು ಚೀಲಕ್ಕೆ ಹಾಕಿಕೊಂಡು ಬರಗೂರಿನ ಬಸ್ಸು ಹತ್ತಿದರು. ಅಲ್ಲಿ ಗೋಡೆಯ ಬೋರ್ಡಿನಲ್ಲಿ ಇನ್ನೂರಿಪ್ಪತ್ತಾರು ವೋಲ್ಟ್ ಅಲುಗದೆ ನಿಂತಿತ್ತು. ಅವರದೇ ಸ್ಟೆಬಿಲೈಜರ್ ಸೊಗಸಾಗಿ ಕೆಲಸ ಮಾಡುತ್ತಿತ್ತು. ಇಷ್ಟು ನೋಡಿಯೂ ಅವರು ಎಸ್‌ಎಂಪಿಎಸ್ ಇರುವ ಕಡೆ ತಿರುಗಿ ನೋಡಲಿಲ್ಲ. ಪ್ಲಗ್ಗು ಸಡಿಲವಿದೆ ಎಂದು ತೀರ್ಪು ಕೊಟ್ಟು, ಪ್ಲಗ್ಗು ಬದಲಿಸಿ ಬಂದರು.

ಮುಂದಿನ ಭಾನುವಾರ ಯುವರಾಜ್ ಕಂಪ್ಯೂಟರನ್ನೇ ಅಂಗಡಿಗೆ ತಂದ. ಬಸ್ಸಿನಲ್ಲಿ ಹಿಡಿದುಕೊಳ್ಳಲು ತಂದೆ ಚಿಕ್ಕಹನುಮಯ್ಯನೂ ಜೊತೆಗೆ ಬಂದಿದ್ದರು. ಗಾರೆ ಕೆಲಸದಲ್ಲಿ ನಲವತ್ತು ವರ್ಷ ಸವೆಸಿದ ಮನುಷ್ಯ. ಮಗನ ಈ ಖರ್ಚಿನ ಬಗ್ಗೆ ಅದುವರೆಗೂ ಏನೂ ಹೇಳಿರಲಿಲ್ಲ. ನಾಹಿದಾ ಗಜಬಲವನ್ನು ಬಿಚ್ಚಿ ತೆಗೆದು ಮೇಜಿನ ಮೇಲಿಟ್ಟು, ಸ್ಕ್ರೂಡ್ರೈವರನ್ನು ತಂದೆಯ ಕಡೆಗೆ ಸರಿಸಿದಳು.  ಲಿಯಾಕತ್ ಅಲಿಯವರು, ಬಿಚ್ಚಿದರೆ ಗ್ಯಾರಂಟಿ ಇಲ್ಲವೆಂದು ಬರೆದಿದ್ದ ಚೀಟಿಯನ್ನು ಸೀಳಿ, ನಾಲ್ಕು ಸ್ಕ್ರೂ ತೆಗೆದು, ಮುಚ್ಚಳ ಎತ್ತಿದರು.

ಒಳಗೆ ಬೆಂಕಿಪೊಟ್ಟಣದಂಥ ಟ್ರಾನ್ಸ್‌ಫಾರ್ಮರ್, ಎರಡು ಬಡಕಲು ಕೆಪಾಸಿಟರ್, ಬಹಳಷ್ಟು ಖಾಲಿ ಜಾಗ. ತಳದಲ್ಲಿ ಕಪ್ಪು ಗೋಂದು ಹಚ್ಚಿ ಅಂಟಿಸಿದ್ದ, ಬಟ್ಟೆ ಸೋಪಿನ ಬಿಲ್ಲೆಯಷ್ಟು ದೊಡ್ಡದೊಂದು ಸಿಮೆಂಟ್ ಹಲಗೆ.

ಎಲ್ಲರಿಗಿಂತ ಮೊದಲು ಕೈ ಚಾಚಿದವರು ಚಿಕ್ಕಹನುಮಯ್ಯ. ಹಲಗೆಯನ್ನು ಕಿತ್ತು, ಅಂಚನ್ನು ಹೆಬ್ಬೆರಳ ಉಗುರಿನಿಂದ ಕೆರೆದರು. ಪುಡಿ ಉದುರಿತು.

“ಮರಳೇ ಜಾಸ್ತಿ ಕಣ್ಲಾ,” ಎಂದು ಮಗನಿಗೆ ಹೇಳಿದರು. “ಸಿಮೆಂಟಲ್ಲೂ ಮೋಸ ಮಾಡವ್ರೆ. ನೀರೂ ಕುಡಿಸಿಲ್ಲ ಇದಕ್ಕೆ.”

ಯುವರಾಜನಿಗೆ ನಗು ತಡೆಯಲಾಗಲಿಲ್ಲ. ನಾಹಿದಾ ಬೆನ್ನು ತಿರುಗಿಸಿ, ಹಗುರವಾದ ಎಸ್‌ಎಂಪಿಎಸ್ಸನ್ನು ಅವನ ಕಂಪ್ಯೂಟರಿಗೆ ಜೋಡಿಸತೊಡಗಿದಳು. ಲಿಯಾಕತ್ ಅಲಿಯವರು ಆ ಹಲಗೆಯನ್ನು ನೋಡುತ್ತ ಕುಳಿತರು. ಯಾರೋ ಒಬ್ಬ, ಯಾವುದೋ ಶೆಡ್ಡಿನಲ್ಲಿ, ಇವರಂಥವರು ಇನ್ನೂ ಇದ್ದಾರೆಂದು ಲೆಕ್ಕ ಹಾಕಿ ಸಿಮೆಂಟ್ ಕಲಸಿದ್ದ. ಜೀವಮಾನವೆಲ್ಲ ತಿರಸ್ಕರಿಸಿದ ಯಾವ ಗಿರಾಕಿಯೂ ಅವರಿಗಿಂತ ಸುಲಭವಾಗಿ ಬಿದ್ದಿರಲಿಲ್ಲ.

ಆರರಲ್ಲಿ ಒಂದು ಇಲ್ಲಿ ಬಿಚ್ಚಿ ಬಿದ್ದಿತ್ತು, ಎರಡು ಕಪಾಟಿನಲ್ಲಿದ್ದವು. ಉಳಿದ ಮೂರು ಚನ್ನರಾಯನದುರ್ಗ, ಮಧುಗಿರಿ, ಪಾವಗಡದ ಗಿರಾಕಿಗಳನ್ನು ಸೇರಿದ್ದವು. ಕೆಟ್ಟು ನಿಂತರೆ ಪರವಾಗಿಲ್ಲ, ಸಾಯುವಾಗ ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೆ ಸುಟ್ಟುಕೊಂಡು ಹೋಗಬಹುದು ಎಂದು ನಾಹಿದಾ ಹೇಳಿದಳು. ಮೂವರಿಗೂ ಫೋನ್ ಮಾಡಿ ಕರೆಸೋಣ ಎಂದಳು. ಲಿಯಾಕತ್ ಅಲಿಯವರು ಕರೆಸುವುದು ಬೇಡ, ನಾನೇ ಹೋಗುತ್ತೇನೆ ಎಂದರು. ತನ್ನ ಕೈ ಹೇಳಿದ ಸುಳ್ಳನ್ನು ತಾನೇ ಹೋಗಿ ತೆಗೆದರೆ ಹೆಸರು ಉಳಿಯುತ್ತದೆಂಬ ಆಸೆ ಅವರಿಗಿತ್ತು. ಮರುದಿನ ಬೆಳಿಗ್ಗೆ ಮೂರು ಹೊಸ ಎಸ್‌ಎಂಪಿಎಸ್‌ಗಳನ್ನು ಚೀಲಕ್ಕೆ ತುಂಬಿ ಹೊರಟರು. ಚೀಲ ಹಗುರವಾಗಿತ್ತು, ಅದೇ ಅವರಿಗೆ ಅವಮಾನವಾಗಿತ್ತು.

ಚನ್ನರಾಯನದುರ್ಗದ ಗಿರಾಕಿ ಅಡವಯ್ಯ, ನಿವೃತ್ತ ಬಸ್ ಡ್ರೈವರ್. ಮೂವತ್ತೊಂದು ವರ್ಷ ಮಧುಗಿರಿ, ಕೊರಟಗೆರೆ, ಪಾವಗಡದ ರಸ್ತೆಗಳಲ್ಲಿ ಬಸ್ಸು ಓಡಿಸಿ ಪಿಂಚಣಿ ಪಡೆದ ಈ ಮನುಷ್ಯ, ಈಗ ಮೇಜಿಗೆ ಸ್ಟೇರಿಂಗ್ ಬಿಗಿದು, ಕಾಲ ಬಳಿ ಪೆಡಲ್ ಇಟ್ಟುಕೊಂಡು, ಕಂಪ್ಯೂಟರಿನೊಳಗಿನ ಬಸ್ಸನ್ನು ಹಿಮದ ನಾಡುಗಳಲ್ಲಿ ಓಡಿಸುತ್ತಿದ್ದರು. ಸಂಬಳ ಕೊಟ್ಟಾಗ ಗೊಣಗುತ್ತ ಮಾಡಿದ ಕೆಲಸವನ್ನು ಈಗ ಸ್ವಂತ ದುಡ್ಡು ಹಾಕಿ ಮಾಡುವ ಈ ಬುದ್ಧಿಯನ್ನು ಲಿಯಾಕತ್ ಅಲಿಯವರು ಹಿಂದೆಯೇ ಸಾಕಷ್ಟು ಹಂಗಿಸಿದ್ದರು. ಅಡವಯ್ಯ ಅದನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲ. ಅವರು ಸಾಹೇಬರ ಪರಮಭಕ್ತರು. ಮದುವೆಯಾದ ಹೊಸದರಲ್ಲಿ ಕೊಂಡ ಮಿಕ್ಸಿಯನ್ನು ಸಾಹೇಬರು ತೂಗಿಕೊಟ್ಟಿದ್ದು, ಅದು ಇಂದಿಗೂ ತಿರುಗುತ್ತಿದೆ.

ಲಿಯಾಕತ್ ಅಲಿಯವರು ಬಂದ ಕಾರಣ ಹೇಳಿದರು. ಅಡವಯ್ಯ ಕೇಳಿದರು, ಚೀಲದಲ್ಲಿದ್ದ ಹೊಸದನ್ನು ಕೈಗೆ ತೆಗೆದುಕೊಂಡರು, ಎರಡು ಸಲ ಮೇಲೆ ಕೆಳಗೆ ಆಡಿಸಿದರು. ಆಡಿಸುವ ರೀತಿ ಥೇಟು ಸಾಹೇಬರದೇ.

“ಹತ್ತಿ ಇದ್ದಂಗೈತೆ,” ಎಂದರು. “ಇದು ಬ್ಯಾಡ ಭಾಯ್. ನನ್ನದು ಚೆನ್ನಾಗೈತೆ.”

ಅದರೊಳಗೆ ಇರುವುದು ಸಿಮೆಂಟು ಎಂದು ಸಾಹೇಬರು ಹೇಳಿದರು. ಇದ್ದರೆ ಇರಲಿ, ಅಲುಗಾಡದ ಹಾಗೆ ಕಂಪನಿಯವರೇ ಹಾಕಿರಬಹುದು ಎಂದರು ಅಡವಯ್ಯ. ಭಾರ ನೋಡಿ ಕೊಂಡದ್ದೇ ತಪ್ಪು ಎಂದರು ಸಾಹೇಬರು. ಅಡವಯ್ಯನ ಮುಖದಲ್ಲಿ ಬೇರೊಂದು ಸಂಶಯ ಮೂಡಿತು. ತನಗೆ ಕೊಟ್ಟ ಗಟ್ಟಿ ಮಾಲನ್ನು ಯಾರೋ ದೊಡ್ಡ ಮನುಷ್ಯರು ಕೇಳಿರಬೇಕು. ಅದನ್ನು ಒಯ್ದು ಈ ಹಗುರದ್ದನ್ನು ತನ್ನ ತಲೆಗೆ ಕಟ್ಟಲು ಸಾಹೇಬರು ಬಂದಿರಬೇಕು. ಹೆಂಡತಿ ಈಶ್ವರಮ್ಮ ತಂದಿಟ್ಟ ಚಹಾವನ್ನು ಸಾಹೇಬರ ಕಡೆ ಸರಿಸುತ್ತ, ಅವರು ಮೆಲ್ಲಗೆ ಕೇಳಿದರು:

“ಅವತ್ತು ನೀವೇ ನನ್ನ ಕೈಗಿಟ್ಟು, ಭಾರ ನೋಡಿ ಅಂದ್ರಿ. ಅದು ಸುಳ್ಳಾದ್ರೆ ಇವತ್ತಿನ ಮಾತು ಹೆಂಗೆ ನಂಬ್ಲಿ? ಇವತ್ತಿನ ಮಾತೇ ನಿಜ ಅಂದ್ರೆ, ನಮ್ಮನೆ ಮಿಕ್ಸಿ ಕಥೆ ಏನು?”

ಲಿಯಾಕತ್ ಅಲಿಯವರು ಚಹಾ ಲೋಟವನ್ನು ಹಿಡಿದುಕೊಂಡು ಕುಳಿತರು. ಮಿಕ್ಸಿಯ ವಿಷಯದಲ್ಲಿ ಅವರ ಕೈ ನಿಜ ಹೇಳಿತ್ತು. ಇಲ್ಲಿ ಸುಳ್ಳು ಹೇಳಿತ್ತು. ಎಲ್ಲಿ ನಿಜ, ಎಲ್ಲಿ ಸುಳ್ಳು ಎಂದು ಬೇರ್ಪಡಿಸಿ ಹೇಳುವ ವಿದ್ಯೆ ಆ ಕೈಗೆ ಇರಲಿಲ್ಲ. ಅವರು ಕಟ್ಟಿದ ಹೆಸರು ಎಷ್ಟು ಭದ್ರವಾಗಿತ್ತೆಂದರೆ, ಅದನ್ನು ಒಡೆಯಲು ಅವರ ಬಾಯಿಂದಲೂ ಆಗುತ್ತಿರಲಿಲ್ಲ. ಫೋನ್ ತೆಗೆದು ಮಗಳ ನಂಬರು ಒತ್ತಿದರು. ಅಡವಯ್ಯನ ಕೈಗೆ ಕೊಡುವ ಮುನ್ನ ಹೇಳಿದರು:

“ನಮ್ಮ ಅಂಗಡೀಲಿ ಇಂಥದ್ದು ತಿಳ್ಕೊಂಡಿರೋದು ಅವಳು. ನನಗೆ ತಿಳಿಯಲ್ಲ. ಅವಳನ್ನೇ ಕೇಳಿ.”

ಈ ಮಾತನ್ನು ಎಂಟು ವರ್ಷದಲ್ಲಿ ಅವರು ಮನೆಯೊಳಗೂ ಆಡಿರಲಿಲ್ಲ. ಫೋನಿನಾಚೆ ನಾಹಿದಾಳಿಗೂ ಅದು ಕೇಳಿಸಿರಬೇಕು. 

ಅಡವಯ್ಯ ಸ್ಪೀಕರ್ ಹಾಕಿದರು. ಅವಳು ತಂದೆಯ ಪರ ವಾದಿಸಲಿಲ್ಲ, ವ್ಯಾಟಿನ ಲೆಕ್ಕವನ್ನೂ ಹೇಳಲಿಲ್ಲ.

“ಅಂಕಲ್, ಗೇಮಲ್ಲಿ ಚಿತ್ರದ ಗುಣಮಟ್ಟ ಎಷ್ಟಕ್ಕಿಟ್ಟಿದೀರಾ?”

“ಕಮ್ಮೀಲೇ ಐತೆ ಕಣಮ್ಮ. ನಮಗ್ಯಾಕೆ ಅಷ್ಟೊಂದು.”

“ಎಲ್ಲಾ ಫುಲ್ ಮಾಡಿ. ಮಳೆ ಹಾಕಿ, ಊರೊಳಗೆ ಟ್ರಾಫಿಕ್ ಹಾಕಿ, ಬಸ್ಸು ತುಂಬ ಜನ ಹತ್ತಿಸಿ. ಕಾಲು ಗಂಟೆ ಓಡ್ಸಿ. ನಿಲ್ಲದೆ ಓಡಿದ್ರೆ ನಿಮ್ಮದು ನಿಮಗೇ ಇರಲಿ, ಅಬ್ಬಾ ವಾಪಸ್ ಬರ್ತಾರೆ.”

ಇದು ಅಡವಯ್ಯನಿಗೆ ಒಪ್ಪಿಗೆಯಾಯಿತು. ಗಾಡಿಯನ್ನು ಲೋಡ್ ಹಾಕಿ ಏರಿನಲ್ಲಿ ಪರೀಕ್ಷಿಸುವುದು ಅವರ ಕಸುಬಿನ ಮಾತು. ಕನ್ನಡಕ ಒರೆಸಿ, ಸೀಟು ಸರಿಮಾಡಿಕೊಂಡು, ಸ್ಟೇರಿಂಗ್ ಹಿಡಿದರು. ಪರದೆಯ ಮೇಲೆ ಮಳೆ ಸುರಿಯತೊಡಗಿತು. ಬಸ್ಸು ಜನ ತುಂಬಿಕೊಂಡು ಊರು ದಾಟಿ ಘಾಟಿ ಹತ್ತಿತು. ಮೂರನೆಯ ತಿರುವಿನಲ್ಲಿ ಅವರು ಗೇರು ಇಳಿಸುತ್ತಿದ್ದಾಗ, ಎದುರಿನಿಂದ ಬಂದ ಲಾರಿಯ ದೀಪ ಮಳೆಹನಿಗಳಲ್ಲಿ ಹೊಳೆದ ಕ್ಷಣಕ್ಕೆ ಸರಿಯಾಗಿ, ಬಸ್ಸು, ಮಳೆ, ಪ್ರಯಾಣಿಕರು, ಘಾಟಿ ಎಲ್ಲವೂ ಒಮ್ಮೆಗೇ ಮಾಯವಾದವು. ಕಂಪ್ಯೂಟರ್ ಆರಿತ್ತು.

ಅಡವಯ್ಯ ಸ್ಟೇರಿಂಗ್ ಬಿಡದೆ ಕಪ್ಪು ಪರದೆಯನ್ನೇ ನೋಡಿದರು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಜನ ತುಂಬಿದ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿದವರಲ್ಲ ಅವರು.

“ಬಿಚ್ಚಿ ಅದನ್ನ,” ಎಂದರು.

ಲಿಯಾಕತ್ ಅಲಿಯವರು ಬಿಚ್ಚಿದರು. ಹೊಸದನ್ನು ಕೂರಿಸಿ ತಂತಿ ಜೋಡಿಸುವಾಗ ಒಂದು ಕಡೆ ಸಂದೇಹ ಬಂದು ನಾಹಿದಾಳನ್ನು ಕೇಳಿದರು, ಅವಳು ಹೇಳಿದಳು, ಅವರು ಹಾಗೆಯೇ ಮಾಡಿದರು. ಅಡವಯ್ಯ ಅದೇ ಬಸ್ಸನ್ನು ಅದೇ ಮಳೆಯಲ್ಲಿ ಅದೇ ಘಾಟಿಯ ತುದಿಯವರೆಗೂ ಹತ್ತಿಸಿದರು. ಆಮೇಲೆ ತಮ್ಮ ಫೋನಿನಲ್ಲಿ ನಾಹಿದಾಳ ನಂಬರನ್ನು ಬರೆದುಕೊಂಡರು. ತಂಗಿಯ ಮಗನೊಬ್ಬ ಫ್ರಿಜ್ ಕೊಳ್ಳುವವನಿದ್ದಾನೆ, ಅದನ್ನೂ ಈಯಮ್ಮನನ್ನೇ ಕೇಳಬಹುದೇ ಎಂದು ಸಾಹೇಬರನ್ನು ವಿಚಾರಿಸಿದರು. ಈ ಪ್ರಶ್ನೆಯನ್ನು ಮಗಳ ಬಗ್ಗೆ ತಮ್ಮನ್ನು ಕೇಳುವ ಕಾಲ ಬಂತಲ್ಲ ಎಂದು ಲಿಯಾಕತ್ ಅಲಿಯವರಿಗೆ ರೇಗಿತು. ಕೇಳಬಹುದು ಎಂದರು.

ಮಧ್ಯಾಹ್ನದ ಬಸ್ಸಿನಲ್ಲಿ ಮಧುಗಿರಿಗೆ ಬಂದರು. ಅಲ್ಲಿಯ ಗಿರಾಕಿ ಮಲ್ಲೇಶ್, ಫೋಟೊ ಸ್ಟುಡಿಯೊದವನು. ಸಾಹೇಬರನ್ನು ಕಂಡು ಕುರ್ಚಿ ಎಳೆದು, ಏನು ತೂಗೋಕೆ ಬಂದಿರಿ ಎಂದು ನಗುತ್ತ ಕೇಳಿದ. ಲಿಯಾಕತ್ ಅಲಿಯವರು ಕುಳಿತುಕೊಳ್ಳಲಿಲ್ಲ. ಅವನಿಗೆ ಒಂದು ಮಾತನ್ನೂ ಹೇಳುವ ಮೊದಲು ಮಗಳಿಗೆ ಫೋನ್ ಹಚ್ಚಿ, ಅವಳು ಎತ್ತುವವರೆಗೂ ಕಾದು, ಅದನ್ನು ಮಲ್ಲೇಶನ ಕಡೆಗೆ ಚಾಚಿದರು.